ಎರಡು ಮನೆಯ ಒಂದು ಎತ್ತು

ಬುರಾನುದ್ದೀನ ಮಾಸ್ತರರು ನರೋಣಾದ ಶಾಲೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಫಜಲಪುರದ ಕಡೆಯವರು. ಪಾಠ ಚೆನ್ನಾಗಿ ಹೇಳುತ್ತಿದ್ದರು, ನಾಟಕದ ಹುಚ್ಚಿತ್ತು, ಆದರೆ ಊರಿನ ಒಳಗಿನ ಸಂಗತಿಗಳು ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಜನವರಿ ಇಪ್ಪತ್ತಾರರ ಗ್ಯಾದರಿಂಗಿನ ನಾಟಕದಲ್ಲಿ ಒಂದು ಎತ್ತನ್ನು ಎರಡು ಪಾಲು ಮಾಡಿ, ಮುಂದಿನ ಪಾಲನ್ನು ಸುಭದ್ರಾಬಾಯಿಯ ಮಗಳಿಗೂ ಹಿಂದಿನದನ್ನು ಗೌರಾಬಾಯಿಯ ಮಗನಿಗೂ ಕೊಡುತ್ತಿರಲಿಲ್ಲ.

ಇದು ಎಂಬತ್ತಾರನೆಯ ಇಸವಿಯ ಮಾತು. ಸುಭದ್ರಾಬಾಯಿ ಮತ್ತು ಗೌರಾಬಾಯಿ ನೆಗೆಣ್ಣಿಯರು. ಅಣ್ಣ ಮಲ್ಲಣ್ಣನ ಹೆಂಡತಿ ಸುಭದ್ರಾಬಾಯಿ, ತಮ್ಮ ಶಾಂತಲಿಂಗಪ್ಪನ ಹೆಂಡತಿ ಗೌರಾಬಾಯಿ. ಅಂಗಳ ಒಂದೇ, ಒಲೆ ಎರಡು. ಒಲೆ ಬೇರೆಯಾದದ್ದು ಹೋಳಿಗೆಯ ದೆಸೆಯಿಂದ. ಗೌರಾಬಾಯಿಯ ಅಣ್ಣ ಉದಗೀರದಿಂದ ಬಂದ ದಿನ ಸುಭದ್ರಾಬಾಯಿ ಅವನಿಗೆ ತುಪ್ಪವಿಲ್ಲದ ಹೋಳಿಗೆ ಬಡಿಸಿದ್ದಳು. ತುಪ್ಪ ತೀರಿದೆ ಎಂದಿದ್ದಳು. ಸಂಜೆ ಗೌರಾಬಾಯಿಗೆ ನೆಲುವಿನ ಮೇಲಿನ ಗಡಿಗೆಯಲ್ಲಿ ತುಪ್ಪ ಕಂಡಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಾತಾಡಲೇಬೇಕಾದ ಪ್ರಸಂಗ ಬಂದರೆ ಅಂಗಳದಲ್ಲಿ ಕಟ್ಟಿದ ಎಮ್ಮೆಯ ಕಡೆ ತಿರುಗಿ ಹೇಳುತ್ತಿದ್ದರು. "ಏ ಎಮ್ಮಿ, ಬಾವಿ ಹಗ್ಗ ಸವದದ, ಕೊಡ ಬಿಡೋರು ನೋಡಿ ಬಿಡಬೇಕು" ಎಂದು ಒಬ್ಬಳು ಅಂದರೆ, ಇನ್ನೊಬ್ಬಳು ಎಮ್ಮೆಗೇ "ಹೂಂ, ತಿಳೀತು" ಅನ್ನುತ್ತಿದ್ದಳು. ಅತ್ತೆ ಹೀರಾಬಾಯಿ ನಡುವಿನ ಕಟ್ಟೆಯ ಮೇಲೆ ಕುಳಿತು ಎರಡೂ ಒಲೆಯ ರೊಟ್ಟಿ ತಿಂದುಕೊಂಡು ಸುಮ್ಮನಿದ್ದಳು. ಗಂಡಸರಿಬ್ಬರಿಗೆ ಈ ಜಗಳದ ಗೊಡವೆಯೇ ಇರಲಿಲ್ಲ. ಅವರು ಹೊಲದಲ್ಲಿ ಒಟ್ಟಿಗೇ ತೊಗರಿ ರಾಶಿ ಮಾಡುತ್ತಿದ್ದರು.

ಮಕ್ಕಳಿಗೂ ಇರಲಿಲ್ಲ. ಸುಭದ್ರಾಬಾಯಿಯ ಮಹಾನಂದಾ ನಾಲ್ಕನೆಯ ಇಯತ್ತೆ, ಗೌರಾಬಾಯಿಯ ಭೀಮಶಾ ಮೂರನೆಯದು. ಇಬ್ಬರೂ ಒಂದೇ ಎತ್ತರ. ಶಾಲೆಗೆ ಹೋಗುವಾಗ, ಬರುವಾಗ, ಪೇರಲ ಕದಿಯುವಾಗ ಕೂಡಿಯೇ ಇರುತ್ತಿದ್ದರು. ಮಾಸ್ತರರು ಅವರನ್ನು ಆರಿಸಿದ್ದೂ ಅದಕ್ಕೇ. ನಾಟಕ ಅವರೇ ಬರೆದದ್ದು. ರೈತನೊಬ್ಬ ಮುದಿ ಎತ್ತನ್ನು ಆಳಂದದ ಸಂತೆಗೆ ಮಾರಲು ಒಯ್ಯುತ್ತಾನೆ, ದಾರಿಯಲ್ಲಿ ಎತ್ತು ಬಾಯಿಬಿಟ್ಟು ಮಾತಾಡುತ್ತದೆ. ಮುಂದಿನ ಕಾಲು, ತಲೆ ಮತ್ತು ಮಾತು ಮಹಾನಂದಾಳದು. ಬಗ್ಗಿ ಅವಳ ಸೊಂಟ ಹಿಡಿದು ನಡೆಯುವುದು, ಬಾಲ ಬೀಸುವುದು, ಒದೆಯುವುದು ಭೀಮಶಾನದು.

ಸುದ್ದಿ ಕೇಳಿದ ದಿನವೇ ಗೌರಾಬಾಯಿ ಶಾಲೆಗೆ ಹೋದಳು.

"ಮಾಸ್ತರ್ರಿ, ನಮ್ಮ ಭೀಮಶಾಗ ಎತ್ತಿನ ಬಾಲ ಕೊಟ್ಟೀರಂತ, ಖರೇ ಏನ್ರಿ?"

"ಬಾಲ ಅಷ್ಟೇ ಅಲ್ರಿ, ಹಿಂದಿನ ಎರಡು ಕಾಲೂ ಅವನವೇ. ಅವನಂಗ ಜಿಗಿಯೋದು ಯಾರಿಗೂ ಬರಂಗಿಲ್ರಿ."

"ಅವಾ ಮಾತೂ ಆಡ್ತಾನ್ರಿ."

"ಆಡ್ತಾನ್ರಿ, ಕ್ಲಾಸಿನ್ಯಾಗ ಅದೇ ಮಾಡ್ತಾನ. ಆದ್ರ ಎತ್ತಿಗೆ ಬಾಯಿ ಒಂದೇ ಅಲ್ರಿ. ಮಹಾನಂದಾಗ ಮಾತು ಬಾಯಿಪಾಠ ಆಗ್ಯಾವ."

ಗೌರಾಬಾಯಿ ಮನೆಗೆ ಬಂದು ಅತ್ತೆಯ ಎದುರು ಕುಳಿತಳು. "ನೋಡ್ರಿ ಅತ್ತಿ, ಆ ಮಾಸ್ತರ ಅಫಜಲಪುರದಾಂವ. ಈಕೀ ತವರೂ ಅದೇ ಕಡಿ, ಭೀಮಾ ದಂಡಿ. ಅದಕ್ಕ ತಲಿ ಆಕೀ ಮಗಳಿಗೆ, ಬಾಲ ನನ್ನ ಮಗಗ."

"ಬಾಲಿಲ್ಲದ ಎತ್ತಿಗೆ ನೊಣ ಹೊಡಿಯೋರು ಯಾರವ್ವ," ಎಂದಳು ಹೀರಾಬಾಯಿ. ಸೊಸೆಗೆ ಅದರಿಂದ ಸಮಾಧಾನವಾಗಲಿಲ್ಲ.

ಮರುದಿನ ಸುಭದ್ರಾಬಾಯಿಯೂ ಶಾಲೆಗೆ ಹೋದಳು. ವೇಷದ ಮುಂದಿನ ಭಾಗ ತಾನೇ ಮಾಡುತ್ತೇನೆ, ಹಿಂದಿನದನ್ನು ಅವರವರು ಮಾಡಿಕೊಳ್ಳಲಿ ಎಂದಳು. ವೇಷಕ್ಕೆ ಬಟ್ಟೆ ಎಲ್ಲಿಂದ ತರುವುದೆಂದು ಚಿಂತೆಯಲ್ಲಿದ್ದ ಮಾಸ್ತರರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಭಾಳ ಛಲೋ ಆತ್ರಿ. ನೀವು ಇಷ್ಟು ಮಾಡ್ರಿ, ಅವರು ಅಷ್ಟು ಮಾಡಲಿ. ಆ ದಿನ ಎರಡೂ ಕೂಡಿಸಿಬಿಡೋಣು" ಎಂದು ಒಪ್ಪಿಕೊಂಡರು.

ಸುಭದ್ರಾಬಾಯಿಯ ಕೈಯಲ್ಲಿ ಒಂದು ಕಸುಬಿತ್ತು. ಹಳೆಯ ಕಾಗದ ನೆನೆಹಾಕಿ, ಮೆಂತ್ಯ ಸೇರಿಸಿ ರುಬ್ಬಿ, ಗಡಿಗೆಯ ಮೇಲೆ ಮೆತ್ತಿ ಒಣಗಿಸಿ ಬುಟ್ಟಿ ಮಾಡುತ್ತಿದ್ದಳು. ಅದೇ ರೀತಿಯಲ್ಲಿ ಎತ್ತಿನ ಮುಖ ಮಾಡಲು ಕುಳಿತಳು. ಮೊದಲನೆಯದು ಒಣಗಿದ ಮೇಲೆ ಕುರಿಯಂತೆ ಕಂಡಿತು. ಅದನ್ನು ಒಡೆದು ಮತ್ತೆ ನೆನೆಹಾಕಿದಳು. ಎರಡನೆಯದರ ಮೂತಿಯನ್ನು ಉದ್ದ ಎಳೆದಳು, ಹಣೆಯನ್ನು ಹೆಬ್ಬೆರಳಿನಿಂದ ಒತ್ತಿ ತಗ್ಗು ಮಾಡಿದಳು, ಬಾಗಿಸಿದ ತಂತಿಗೆ ಕಾಗದದ ಮುದ್ದೆ ಸುತ್ತಿ ಹಿಂದಕ್ಕೆ ಬಾಗಿದ ಉದ್ದನೆಯ ಕೋಡು ನಿಲ್ಲಿಸಿದಳು. ಅವಳ ತವರಿನಲ್ಲಿ ಸಾಕುತ್ತಿದ್ದದ್ದು ಕಿಲಾರಿ ಎತ್ತು. ಹಾಲಿನಂಥ ಬಿಳಿ ಮೈ, ತೆಳ್ಳಗಿನ ಕುತ್ತಿಗೆ, ಭರ್ಚಿಯಂಥ ಕೋಡು. ಎತ್ತು ಎಂದರೆ ಅವಳ ಕಣ್ಣಿಗೆ ಅದೇ. ಮುಖಕ್ಕೆ ಸುಣ್ಣ ಬಳಿದು, ಕಾಡಿಗೆಯಿಂದ ಕಣ್ಣು ಬರೆದಳು. ಮಲ್ಲಣ್ಣನ ಹಳೆಯ ಧೋತರದಿಂದ ಮುಂದಿನ ಕಾಲಿನ ಚಣ್ಣ ಮತ್ತು ಅಂಗಿ ಆಯಿತು. ಗೊರಸಿಗೆ ತೆಂಗಿನ ಚಿಪ್ಪು ಕಟ್ಟಿದಳು, ನಡೆದರೆ ಟಕಟಕ ಅನ್ನಬೇಕೆಂದು.

ಗೌರಾಬಾಯಿ ನೀರಿಗೆ ಹೋದ ಹೊತ್ತು ನೋಡಿ ಮಹಾನಂದಾ ಮುಖ ಹಾಕಿಕೊಂಡು ಅಂಗಳಕ್ಕೆ ಬಂದಾಗ ನಿಜವಾದ ಎಮ್ಮೆ ಗೂಟ ಕಿತ್ತುಕೊಳ್ಳಲು ನೋಡಿತು. ಸುಭದ್ರಾಬಾಯಿಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿರಲಿಲ್ಲ.

ಒಳಮನೆಯಲ್ಲಿ ಗೌರಾಬಾಯಿಯೂ ಸುಮ್ಮನೆ ಕುಳಿತಿರಲಿಲ್ಲ. ಮಗನ ಮುಖ ಯಾರಿಗೂ ಕಾಣುವುದಿಲ್ಲ ಎಂಬುದು ಖಚಿತ. ಹಾಗಾದರೆ ಜನ ಹಿಂದಿನ ಭಾಗವನ್ನೇ ನೋಡಬೇಕು, ತಲೆಯನ್ನು ಮರೆಯಬೇಕು ಎಂದು ಅವಳು ಹಟ ತೊಟ್ಟಿದ್ದಳು. ಅವಳ ತವರಿನ ಎತ್ತು ದೇವಣಿ ಜಾತಿಯದು. ಬಿಳಿ ಮೈಮೇಲೆ ದೊಡ್ಡ ದೊಡ್ಡ ಕಪ್ಪು ಮಚ್ಚೆ, ಸೊಂಟದ ಕೆಳಗೆ ಅಗಲ ಚಪ್ಪೆ, ಗಟ್ಟಿ ತೊಡೆ. ಹಳೆಯ ಚಾದರದ ಮೇಲೆ ಹರಿದ ಛತ್ರಿಯ ಕಪ್ಪು ಬಟ್ಟೆಯನ್ನು ಮಚ್ಚೆಗಳಾಗಿ ಕತ್ತರಿಸಿ ಇಟ್ಟಳು. ಒಳಗೆ ಹತ್ತಿ ತುಂಬಿ ತೊಡೆ ಉಬ್ಬಿಸಿದಳು. ಬಾಲಕ್ಕೆ ಪುಂಡಿ ನಾರು ಹೆಣೆದು, ತುದಿಯ ಕುಚ್ಚಿಗೆ ಕಪ್ಪು ಬಣ್ಣ ಹಾಕಿ, ಒಳಗಿನಿಂದ ಒಂದು ದಾರ ಬಿಟ್ಟಳು. ಭೀಮಶಾ ದಾರ ಎಳೆದರೆ ಬಾಲ ಎಡಕ್ಕೂ ಬಲಕ್ಕೂ ಹಾರುತ್ತಿತ್ತು. ಮೊದಲ ಸಲ ಎಳೆದಾಗ ಗೋಡೆಯ ಗೂಡಿನಲ್ಲಿದ್ದ ಚಿಮಣಿ ದೀಪ ಕೆಳಗೆ ಬಿತ್ತು.

ಇಬ್ಬರಿಗೂ ಹೊಲಿಗೆ ಯಂತ್ರ ಬೇಕಾಯಿತು. ಓಣಿಯಲ್ಲಿ ಯಂತ್ರ ಇದ್ದದ್ದು ಪ್ಯಾರಿಬಿಯ ಮನೆಯಲ್ಲಿ ಮಾತ್ರ. ಸುಭದ್ರಾಬಾಯಿ ಬೆಳಿಗ್ಗೆ ಹೋಗಿ, "ಪ್ಯಾರಿಬಿ, ಇದು ನಿನ್ನಾಗೇ ಇರಲಿ, ಯಾರ ಮುಂದೂ ಹೇಳಬ್ಯಾಡ" ಎಂದು ಆಣೆ ಹಾಕಿಸಿಕೊಂಡು ಚಣ್ಣ ಹೊಲಿಸಿ ತಂದಳು. ಮಧ್ಯಾಹ್ನ ಗೌರಾಬಾಯಿ ಹೋಗಿ ಅದೇ ಆಣೆ ಹಾಕಿಸಿಕೊಂಡು ಮಚ್ಚೆ ಹೊಲಿಸಿ ತಂದಳು. ಪ್ಯಾರಿಬಿ ಎರಡನ್ನೂ ನೋಡಿದವಳು. ಏನೋ ಹೇಳಲು ಹೋದಾಗಲೆಲ್ಲ ಇಬ್ಬರೂ ಬೇರೆ ಬೇರೆಯಾಗಿ ಅವಳ ಬಾಯಿ ಮುಚ್ಚಿಸಿದ್ದರು.

ಗ್ಯಾದರಿಂಗಿನ ದಿನ ಮಧ್ಯಾಹ್ನ ಊರೆಲ್ಲ ಶಾಲೆಯ ಬಯಲಿನಲ್ಲಿ ಸೇರಿತ್ತು. ಆಳಂದದಿಂದ ಶಿಕ್ಷಣ ಖಾತೆಯ ಸಾಹೇಬರೊಬ್ಬರು ಬರುವವರಿದ್ದರು. ಅವರಿಗಾಗಿ ನಾಟಕದ ಕಟ್ಟೆಯ ಪಕ್ಕದಲ್ಲಿ ಕುರ್ಚಿ, ಕುರ್ಚಿಯ ಮುಂದೆ ಕೆಂಪು ಬಟ್ಟೆ ಹೊದಿಸಿದ ಟೇಬಲ್ಲು. ವೇಷ ಹಾಕುವುದಕ್ಕೆ ಒಂದನೆಯ ಇಯತ್ತೆಯ ಕೋಣೆ. ನೆಗೆಣ್ಣಿಯರು ತಮ್ಮ ತಮ್ಮ ಗಂಟುಗಳನ್ನು ಹೊತ್ತುಕೊಂಡು ಎರಡು ಬಾಗಿಲಿನಿಂದ ಒಳಗೆ ಬಂದರು. ಹಿಂದೆ ಹೀರಾಬಾಯಿ, ಅವಳ ಹಿಂದೆ ಪ್ಯಾರಿಬಿ.

ಮಕ್ಕಳಿಗೆ ವೇಷ ಹಾಕಿ ನಿಲ್ಲಿಸಿದರು.

ಮುಂದಿನದು ಬೆಳ್ಳಗೆ, ಸಣ್ಣಗೆ, ಎತ್ತರವಾಗಿ ಇತ್ತು. ಹಿಂದಿನದು ಮಚ್ಚೆ ಮಚ್ಚೆಯಾಗಿ, ಅದರ ಎರಡರಷ್ಟು ದಪ್ಪ. ಅದೂ ಹೋಗಲಿ ಎಂದರೆ ನಡುವೆ ಏನೂ ಇರಲಿಲ್ಲ. ಸುಭದ್ರಾಬಾಯಿ ಹೊಟ್ಟೆಯ ಭಾಗ ಹಿಂದಿನವರದು ಎಂದುಕೊಂಡು ಮಗಳ ಸೊಂಟಕ್ಕೆ ನಿಲ್ಲಿಸಿದ್ದಳು. ಗೌರಾಬಾಯಿ ಅದು ಮುಂದಿನವರದು ಎಂದುಕೊಂಡು ಮಗನ ಸೊಂಟದಿಂದ ಶುರು ಮಾಡಿದ್ದಳು. ಎರಡರ ನಡುವೆ ಭೀಮಶಾನ ಬೆನ್ನು, ಅದರ ಮೇಲೆ ಬನಿಯನ್ನಿನ ಎರಡು ತೂತು.

ಬುರಾನುದ್ದೀನ ಮಾಸ್ತರರು ಮಕ್ಕಳ ಮಣೆಯ ಮೇಲೆ ಕುಳಿತುಬಿಟ್ಟರು. "ಹೊಟ್ಟಿ ಎಲ್ಲದರೀ?" ಎಂದರು ಮೆಲ್ಲಗೆ.

"ನಾ ಕೇಳಬೇಕಂತ ಮಾಡಿದ್ದೆ," ಎಂದಳು ಪ್ಯಾರಿಬಿ. "ಇವರಿಬ್ರೂ ಆಣಿ ಹಾಕಿಸಿದ್ರು."

ಹೊರಗೆ ಜೀಪಿನ ಸಪ್ಪಳವಾಯಿತು. ಸಾಹೇಬರು ಬಂದರು ಎಂದು ಯಾರೋ ಕೂಗಿದರು. ಮಾಸ್ತರರು ದಡಬಡಿಸಿ ಎದ್ದು ಹೊರಗೆ ಹೋದರು. ಮರಳಿ ಬಂದಾಗ ಅವರ ಕೈಯಲ್ಲಿ ಟೇಬಲ್ಲಿನ ಕೆಂಪು ಬಟ್ಟೆ ಇತ್ತು. "ಸಾಹೇಬರು ಹೆಡ್ ಮಾಸ್ತರರ ಕೋಣ್ಯಾಗ ಚಾ ಕುಡಿಯಾಕತ್ಯಾರ. ಹಾರ ಹಾಕೋದು, ಭಾಷಣ, ಆಮ್ಯಾಲ ನಮ್ಮದು. ಅಷ್ಟ್ರಾಗ ಇದನ್ನ ಬೆನ್ನ ಮ್ಯಾಲ ಕೂಡಿಸ್ರಿ. ಝೂಲ ಅಂತ ತಿಳ್ಕೋತಾರ."

ಎತ್ತಿನ ಬೆನ್ನಿಗೆ ಹಬ್ಬದಲ್ಲಿ ಹೊದಿಸುವ ಝೂಲ. ಆಲೋಚನೆ ಚೆನ್ನಾಗಿತ್ತು. ಆದರೆ ವೇಷ ಬಿಚ್ಚಿ ಹೊಲಿಯುವಷ್ಟು ಸಮಯ ಇರಲಿಲ್ಲ. ಪ್ಯಾರಿಬಿ ಸೊಂಟದ ಚೀಲದಿಂದ ಎರಡು ಸೂಜಿ, ಒಂದು ಉಂಡೆ ದಾರ ತೆಗೆದಳು. ಸುಭದ್ರಾಬಾಯಿ ಮುಂದಿನ ಅಂಚಿಗೆ, ಗೌರಾಬಾಯಿ ಹಿಂದಿನ ಅಂಚಿಗೆ ಕುಳಿತರು. ನಡುವೆ ಎರಡು ಮಕ್ಕಳು ಬಗ್ಗಿಕೊಂಡು ನಿಂತಿದ್ದವು. ದಾರದ ಉಂಡೆ ಒಂದೇ, ಅದು ಸುಭದ್ರಾಬಾಯಿಯ ಉಡಿಯಲ್ಲಿತ್ತು. ಗೌರಾಬಾಯಿಯ ದಾರ ಅರ್ಧಕ್ಕೇ ತೀರಿತು. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಬಾಗಿಲಿನ ಹೊರಗೆ ಭಾಷಣ ಕೇಳುತ್ತ ನಿಂತಿದ್ದಳು. ಆ ಕೋಣೆಯಲ್ಲಿ ಎಮ್ಮೆಯೂ ಇರಲಿಲ್ಲ.

"ದಾರ ಕೊಡು," ಎಂದಳು ಗೌರಾಬಾಯಿ.

ಸುಭದ್ರಾಬಾಯಿ ದಾರ ಕೊಟ್ಟಳು. ಹತ್ತಿ ತುಂಬಿದ ಹಿಂಭಾಗ ನೋಡಿ, "ಅಷ್ಟು ದಪ್ಪ ಚಪ್ಪಿ ಯಾವ ಎತ್ತಿಗಿರ್ತದ?" ಎಂದಳು.

"ನಮ್ಮ ಕಡಿ ಎತ್ತಿಗೆ ಮೇವು ಹಾಕ್ತಾರ, ಅದಕ್ಕ ಇರ್ತದ. ನಿನ್ನ ಎತ್ತಿನ ಕುತ್ತಿಗಿ ನೋಡು, ಬಕ ಪಕ್ಷೀದಂಗ ಆಗ್ಯದ."

"ಓಡೋ ಎತ್ತು ಹಂಗೇ ಇರ್ತಾವ. ನಿಂದು ಓಡತದೇನು, ಕುಂತ್ರ ಏಳಂಗಿಲ್ಲ."

"ಎರಡು ಚೀಲ ತೊಗರಿ ಹೇರಿ ನೋಡು, ಯಾವುದು ಕುಂದರ್ತದ ಗೊತ್ತಾಗ್ತದ."

"ಕಾಕಿ, ನನ್ನ ಸೊಂಟಕ್ಕ ಸೂಜಿ ಚುಚ್ಚಿತು," ಎಂದಳು ಮಹಾನಂದಾ ಮುಖವಾಡದ ಒಳಗಿನಿಂದ.

"ಅದು ನಿಮ್ಮವ್ವನ ಸೂಜಿ. ನಂದು ಈ ಕಡಿ ಅದ."

ಬಟ್ಟೆಯ ಕೆಳಗೆ ಭೀಮಶಾ ಕಿಸಿಕಿಸಿ ನಗುತ್ತಿದ್ದ. ಅವನು ನಕ್ಕಂತೆಲ್ಲ ಎತ್ತಿನ ಬೆನ್ನು ಕುಣಿಯುತ್ತಿತ್ತು. "ಸುಮ್ನಿರಲೇ," ಎಂದು ಇಬ್ಬರೂ ತಾಯಂದಿರು ಒಮ್ಮೆಲೇ ಗದರಿಸಿದರು. ಹಾಗೆ ಬೈಯುತ್ತ, ಒಬ್ಬಳ ಎತ್ತನ್ನು ಇನ್ನೊಬ್ಬಳು ಹೀಯಾಳಿಸುತ್ತ, ಎರಡು ಕಡೆಯ ಹೊಲಿಗೆಯೂ ಮುಗಿಯಿತು. ಹೊರಗೆ ಚಪ್ಪಾಳೆ ಕೇಳಿಸಿತು.

ಎತ್ತು ಕಟ್ಟೆಯ ಮೇಲೆ ಬಂದದ್ದೇ ಜನ ನಗಲು ಶುರು ಮಾಡಿದರು. "ಮುಂದ ಅಫಜಲಪುರ, ಹಿಂದ ಉದಗೀರ" ಎಂದು ಯಾರೋ ಅಂದದ್ದಕ್ಕೆ ನಗು ಇನ್ನೂ ಜೋರಾಯಿತು. ಬರೀ ಕಟ್ಟಿಗೆಯ ಟೇಬಲ್ಲಿನ ಹಿಂದೆ ಸಾಹೇಬರು ಮುಂದಕ್ಕೆ ಬಾಗಿ ನೋಡುತ್ತಿದ್ದರು. ರೈತನ ಪಾತ್ರದ ಹುಡುಗ ಸರ್ದಾರ ಹಗ್ಗ ಹಿಡಿದು ಎಳೆದ. ಚಿಪ್ಪಿನ ಗೊರಸು ಟಕಟಕ ಅಂದವು. ಸಂತೆಯ ದಾರಿಯಲ್ಲಿ ಎತ್ತು ನಿಂತಿತು, ತಲೆ ಎತ್ತಿತು, ಮಾತಾಡಿತು.

"ನಿನ್ನ ಹೊಲಾ ಉತ್ತೇನಿ," ಎಂದಳು ಮಹಾನಂದಾ. ಅಷ್ಟೇ. ಮುಖವಾಡದ ಕಣ್ಣಿನ ತೂತಿನಿಂದ ಅವಳಿಗೆ ಒಮ್ಮೆಲೇ ಅಷ್ಟು ಜನ ಕಂಡಿದ್ದರು. ಬಾಯಿಪಾಠವಾಗಿದ್ದ ಮಾತೆಲ್ಲ ಹಾರಿಹೋಯಿತು. ಸರ್ದಾರ ಹಗ್ಗ ಅಲ್ಲಾಡಿಸಿದ. ಪರದೆಯ ಮರೆಯಲ್ಲಿ ಮಾಸ್ತರರು ಪಿಸುಗುಟ್ಟಿದರು, ಅದು ಕಾಗದದ ಕಿವಿಯ ಒಳಗೆ ಹೋಗಲಿಲ್ಲ. ಸುಭದ್ರಾಬಾಯಿ ಸೆರಗಿನ ತುದಿ ಕಚ್ಚಿ ಹಿಡಿದಳು. ಗೌರಾಬಾಯಿಗೆ ಯಾಕೋ ತನ್ನ ಎದೆಯೂ ಹೊಡೆದುಕೊಳ್ಳುತ್ತಿದೆ ಅನ್ನಿಸಿತು. ಎಷ್ಟಾದರೂ ಆ ಮಗುವಿನ ಬಾಣಂತನದಲ್ಲಿ ನೀರು ಎರೆದವಳು ಅವಳೇ.

ಆಗ ಎತ್ತಿನ ಬಾಲದ ಬುಡದಿಂದ ಗಟ್ಟಿಯಾದ ಧ್ವನಿ ಬಂತು.

"ನಿನ್ನ ರಾಶಿ ಹೊತ್ತೇನಿ. ನಿನ್ನ ಹೆಂಡತೀನ ತವರಿಗೆ ಕರ್ಕೊಂಡು ಹೋಗೇನಿ. ಈಗ ಮುಪ್ಪಾತಂತ ನನ್ನ ಮಾರ್ತೀ ಏನು?"

ಬಯಲಿನಲ್ಲಿ ಎದ್ದ ನಗುವಿಗೆ ಗಿಡದ ಮೇಲಿನ ಕಾಗೆಗಳು ಹಾರಿದವು. ಗೌರಾಬಾಯಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸರ್ದಾರನಿಗೆ ಏನು ಮಾಡಬೇಕೋ ತಿಳಿಯದೆ, ಮಾತು ಬಂದ ಕಡೆ ಹೋಗಿ ಬಾಲದ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ಕಿವಿಗೊಟ್ಟ. ಜನ ಹೊಟ್ಟೆ ಹಿಡಿದುಕೊಂಡರು.

ಆ ನಗುವಿನಲ್ಲಿ ಮಹಾನಂದಾಳಿಗೆ ಹೋದ ಧೈರ್ಯ ಮರಳಿ ಬಂತು. ಅವಳು ಎತ್ತಿನ ತಲೆಯನ್ನು ಗರಕ್ಕನೆ ಹಿಂದಕ್ಕೆ ತಿರುಗಿಸಿದಳು. "ಅಲ್ಲೇನು ನೋಡ್ತೀಯೋ ಯಜಮಾನ? ನಿನ್ನ ಕೆಸರಾಗ ಹಿಂದಿನ ಕಾಲೇ ಜಾಸ್ತಿ ದುಡದಾವ. ಅವೂ ಮಾತಾಡ್ತಾವ, ಕೇಳು."

ಇದು ಮಾಸ್ತರರು ಬರೆದ ಮಾತಲ್ಲ. ಪರದೆಯ ಹಿಂದೆ ಅವರು ಹಣೆಗೆ ಕೈ ಹಚ್ಚಿಕೊಂಡವರು ಕೈ ತೆಗೆದರು. ಅಲ್ಲಿಂದ ಮುಂದೆ ನಾಟಕ ಬರೆದ ಹಾಗೆ ನಡೆಯಲೇ ಇಲ್ಲ. ಮುಂದಿನ ಬಾಯಿ ಒಂದು ಮಾತು, ಹಿಂದಿನ ಬಾಯಿ ಒಂದು ಮಾತು. ದಲ್ಲಾಳಿಯಾಗಿ ಬಂದ ಹುಡುಗ ಹಲ್ಲು ನೋಡಿ, ಬಾಲ ಎತ್ತಿ ನೋಡಲು ಹೋದಾಗ ಹಿಂದಿನ ಕಾಲು ಕೊಟ್ಟ ಒದೆತಕ್ಕೆ ಅವನ ರುಮಾಲು ಸಾಹೇಬರ ಟೇಬಲ್ಲಿನ ಮೇಲೆ ಬಿತ್ತು. ರೈತ ಎತ್ತನ್ನು ಮಾರದೆ ಮನೆಗೆ ಹೊಡೆದುಕೊಂಡು ಹೋದಾಗ ಮುದುಕರು ಕೂಡ ಎದ್ದು ನಿಂತು ಚಪ್ಪಾಳೆ ಹೊಡೆದರು.

ಕೊನೆಗೆ ಸಾಹೇಬರು ಎತ್ತನ್ನು ಹತ್ತಿರ ಕರೆದು ಕೋಡು ಮುಟ್ಟಿ ನೋಡಿದರು. ಬಾಲದ ದಾರ ಎಳೆದು ನೋಡಿದರು.

"ಇದನ್ನ ಯಾರು ಮಾಡ್ಯಾರ್ರಿ?"

ಮಾಸ್ತರರು ಹೆಂಗಸರ ಕಡೆ ತೋರಿಸಿದರು. ಇಬ್ಬರೂ ಸೆರಗು ಎಳೆದುಕೊಂಡು ನಿಂತಿದ್ದರು.

"ಆ ಬಾಲ ಆಕೀ ಮಾಡಿದ್ದರಿ," ಎಂದಳು ಸುಭದ್ರಾಬಾಯಿ.

"ಎತ್ತಿನ ಮಾರಿ, ಕೋಡು ನಮ್ಮ ಅಕ್ಕ ಮಾಡ್ಯಾಳ್ರಿ," ಎಂದಳು ಗೌರಾಬಾಯಿ. ಅಕ್ಕ ಎಂಬ ಶಬ್ದ ಅವಳ ಬಾಯಿಂದ ತಾನಾಗಿಯೇ ಬಂದಿತ್ತು.

"ಮತ್ತ ನಡುವಿಂದು?"

"ಅದು ನಿಮ್ದೇ ಐತ್ರಿ ಸಾಹೇಬ್ರ," ಎಂದಳು ಹೀರಾಬಾಯಿ. "ನಿಮ್ಮ ಟೇಬಲ್ಲಿನ ಮ್ಯಾಲಿಂದ ತಗೊಂಡೀವಿ."

ಸಾಹೇಬರು ತಮ್ಮ ಬರೀ ಟೇಬಲ್ಲನ್ನು ಒಮ್ಮೆ, ಎತ್ತಿನ ಬೆನ್ನನ್ನು ಒಮ್ಮೆ ನೋಡಿ, ಅಷ್ಟು ಹೊತ್ತು ತಡೆಹಿಡಿದಿದ್ದ ನಗುವನ್ನು ಬಿಟ್ಟೇಬಿಟ್ಟರು.

ತೊಂದರೆಯಾದದ್ದು ವೇಷ ಬಿಚ್ಚುವಾಗ. ಅವಸರದಲ್ಲಿ ಹೊಲಿದ ಇಬ್ಬರೂ ಹಟದಿಂದ ದಾರವನ್ನು ಎರಡೆಳೆ, ಮೂರೆಳೆ ಮಾಡಿ ಬಿಗಿದಿದ್ದರು. ಝೂಲದ ಜೊತೆಗೆ ಭೀಮಶಾನ ಬನಿಯನ್ನು, ಮಹಾನಂದಾಳ ಲಂಗದ ಲಾಡಿ ಎರಡೂ ಸೇರಿಹೋಗಿದ್ದವು. ಪ್ಯಾರಿಬಿಯ ಹತ್ತಿರ ಕತ್ತರಿ ಇರಲಿಲ್ಲ. ಹಲ್ಲಿನಿಂದ ಕಡಿಯಲು ನೋಡಿ ಸೋತರು. ಮಕ್ಕಳಿಗೆ ಅದೇ ಬೇಕಾಗಿತ್ತು. ಎತ್ತು ಎತ್ತಾಗಿಯೇ ಊರ ನಡುವೆ ಮನೆಗೆ ಹೊರಟಿತು. ಮುಂದೆ ನಾಯಿಗಳು, ಹಿಂದೆ ಶಾಲೆಯ ಮಕ್ಕಳೆಲ್ಲ. ರಾಶಿ ಮುಗಿಸಿ ಬಂಡಿ ಹೊಡೆದುಕೊಂಡು ಬರುತ್ತಿದ್ದ ಮಲ್ಲಣ್ಣ ಮತ್ತು ಶಾಂತಲಿಂಗಪ್ಪ ಊರ ಅಗಸಿ ಬಾಗಿಲಲ್ಲಿ ಎದುರಾದರು. ಬಂಡಿಯ ಎತ್ತುಗಳು ನಿಂತುಬಿಟ್ಟವು. ಎಷ್ಟು ಹೊಡೆದರೂ ಮುಂದೆ ಹೋಗಲೊಲ್ಲವು.

"ಇದ್ಯಾರದಲೇ ಎತ್ತು?" ಎಂದು ಮಲ್ಲಣ್ಣ ಕೇಳಿದ.

"ನಮ್ಮದೇ ಅದ ಅಪ್ಪಾ," ಎಂದಿತು ತಲೆ.

"ನಮ್ಮದೂ ಅದ ದೊಡ್ಡಪ್ಪಾ," ಎಂದಿತು ಬಾಲ.

ಅಂಗಳದಲ್ಲಿ ಕತ್ತರಿ ತಂದು ನೆಗೆಣ್ಣಿಯರಿಬ್ಬರೂ ಹೊಲಿಗೆ ಬಿಚ್ಚಲು ಕುಳಿತರು. ತನ್ನದು ಬಿಚ್ಚುವುದು ಸುಲಭ, ನಿನ್ನದೇ ಗಂಟು ಗಂಟಾಗಿದೆ ಎಂದು ಒಬ್ಬರಿಗೊಬ್ಬರು ಅಂದುಕೊಂಡರು. ಬಿಚ್ಚಿ ಮುಗಿಯುವುದರೊಳಗೆ ಮಕ್ಕಳಿಗೆ ಹಸಿವಾಗಿತ್ತು. ಸುಭದ್ರಾಬಾಯಿಯ ಒಲೆಯ ಮೇಲೆ ರೊಟ್ಟಿ ಬೇಯತೊಡಗಿದವು, ಗೌರಾಬಾಯಿ ತನ್ನ ಒಲೆಯಿಂದ ಪುಂಡಿಪಲ್ಲೆಯ ಗಡಿಗೆ ಎತ್ತಿಕೊಂಡು ಬಂದಳು. ಯಾರೂ ಯಾರನ್ನೂ ಕರೆಯಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಒಲೆ ಮುಂದೆಯೂ ಎರಡೇ ಉಳಿದವು, ಆದರೆ ಜಗಳ ಮಾಡಬೇಕೆನಿಸಿದಾಗ ಅವರು ಎದುರಾಬದುರು ನಿಂತೇ ಮಾಡತೊಡಗಿದರು.

ಎತ್ತಿನ ಸುದ್ದಿ ಸುತ್ತ ಹಬ್ಬಿತು. ಮರುವಾರ ಮಟಕಿ ಊರಿನ ಶಾಲೆಯವರು ನಾಟಕ ತಮ್ಮಲ್ಲಿಯೂ ಆಗಬೇಕೆಂದು ಹೇಳಿಕಳಿಸಿದರು. ಮಾಸ್ತರರು ಹೌದೆಂದರು. ಈ ಸಲ ಹೊಟ್ಟೆಯನ್ನು ಮೊದಲೇ ಹೊಲಿಯಲಾಯಿತು. ಅರ್ಧ ಬಿಳಿ, ಅರ್ಧ ಮಚ್ಚೆ, ನಡುವೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬುದಕ್ಕೆ ಮೂರು ದಿನ ವಾದ ನಡೆಯಿತು. ಪ್ಯಾರಿಬಿ ಕೊನೆಗೆ ಬೇಸತ್ತು ಇಬ್ಬರನ್ನೂ ಹೊರಗೆ ಕಳಿಸಿ ತನಗೆ ತೋಚಿದಂತೆ ಹೊಲಿದುಬಿಟ್ಟಳು.

ಮಟಕಿಗೆ ಹೋಗುವ ಬಸ್ಸು ತುಂಬಿತ್ತು. ಸುಭದ್ರಾಬಾಯಿ ತಲೆಯನ್ನು ಉಡಿಯಲ್ಲಿ ಇಟ್ಟುಕೊಂಡಿದ್ದಳು, ಕೋಡು ಕಿಟಕಿಯ ಹೊರಗೆ ಚಾಚಿದ್ದವು. ಪಕ್ಕದಲ್ಲಿ ಗೌರಾಬಾಯಿ ಹಿಂದಿನ ಭಾಗವನ್ನು ಮಗುವಿನಂತೆ ತಬ್ಬಿಕೊಂಡಿದ್ದಳು, ಬಾಲ ನಡುದಾರಿಯಲ್ಲಿ ಇಳಿಬಿದ್ದಿತ್ತು. ಕಂಡಕ್ಟರ್ ಜನರನ್ನು ಸರಿಸುತ್ತ ಬಂದವನು ಬಾಲ ತುಳಿಯುವುದನ್ನು ಸ್ವಲ್ಪದರಲ್ಲಿ ತಪ್ಪಿಸಿಕೊಂಡ.

"ಇದಕ್ಕೂ ಟಿಕೀಟ ತಗೋಬೇಕ್ರಿ," ಎಂದ.

"ಮೂರು ವರ್ಷಾನೂ ಆಗಿಲ್ಲ ಇದಕ್ಕ," ಎಂದಳು ಗೌರಾಬಾಯಿ.

"ಹುಟ್ಟಿ ಹದಿನೈದು ದಿನ ಸುದ್ದಾ ಆಗಿಲ್ಲ," ಎಂದಳು ಸುಭದ್ರಾಬಾಯಿ.

ಕಂಡಕ್ಟರ್ ನಗುತ್ತ ಮುಂದೆ ಹೋದ. ಬಸ್ಸು ತೊಗರಿ ಕೊಯ್ದ ಹೊಲಗಳ ನಡುವೆ ಧೂಳೆಬ್ಬಿಸಿಕೊಂಡು ಓಡಿತು. ಹಿಂದಿನ ಸೀಟಿನಲ್ಲಿ ಮಹಾನಂದಾ ಮತ್ತು ಭೀಮಶಾ ಈ ಸಲ ಯಾರು ಎಲ್ಲಿ ಮಾತು ಮರೆಯಬೇಕು ಎಂದು ಮೊದಲೇ ಮಾತಾಡಿಕೊಳ್ಳುತ್ತಿದ್ದರು.